ಮೂರನೆಯ ಟ್ಯೂಬು

ಶರೊನ್ ಮೈಕಿನ ಕವಚ ಬಿಚ್ಚಿ, ಅದರೊಳಗೆ ಹಲ್ಲು ನೋಡುವ ಪುಟ್ಟ ಕನ್ನಡಿ ತೂರಿಸಿದಳು. ಮಣ್ಣಗುಡ್ಡದ ಕ್ಲಿನಿಕ್ಕಿನಲ್ಲಿ ದಿನಕ್ಕೆ ಇಪ್ಪತ್ತು ಬಾಯಿಯೊಳಗೆ ಇಣುಕುವವಳಿಗೆ ಇದೇನು ಮಹಾ ಕೆಲಸವಲ್ಲ. ಗಾಜಿನ ಟ್ಯೂಬಿನ ಹಿಂಬದಿಯಲ್ಲಿ ಕೆಂಪು ನೈಲ್ ಪಾಲಿಶಿನ ಚುಕ್ಕಿ ಕಂಡಿತು. ಹೋದ ವಾರ ಅವಳೇ ಗುಟ್ಟಾಗಿ ಇಟ್ಟ ಚುಕ್ಕಿ.

ಸಿಕ್ಕಿಬಿದ್ದ ಕಳ್ಳ, ಎಂದುಕೊಂಡಳು.

ಕಳ್ಳ ಎಂದರೆ ಲತೀಶ. ಬಂದರಿನ ಒಣಮೀನಿನ ಗೋದಾಮಿನ ಮೇಲೆ ಅವನ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು ಬಡಿದು ಹೊರಗಿನ ಗಲಾಟೆ ತಡೆದಿದ್ದ. ವಾಸನೆಗೆ ಮಾತ್ರ ಅವನಲ್ಲಿ ಮದ್ದಿರಲಿಲ್ಲ. ಅವನ ಆಸ್ತಿಯೆಂದರೆ ಒಂದು ಹಳೆಯ ಮೈಕು. ಹಿಂದೆ ರೇಡಿಯೋಗಳಲ್ಲಿ ಕೆಂಪಗೆ ಉರಿಯುತ್ತಿದ್ದಂಥ ಟ್ಯೂಬು ಅದರೊಳಗಿತ್ತು. ಅದರ ಮುಂದೆ ಹಾಡಿದರೆ ಕಾಗೆಯ ಕಂಠಕ್ಕೂ ಬೆಣ್ಣೆ ಸವರಿದಂತಾಗುತ್ತದೆ ಎಂದು ಊರಿನ ಹಾಡುಗಾರರ ನಂಬಿಕೆ.

ಶರೊನ್‌ಳ ಅಪ್ಪ ಯೂಸ್ಟೇಸ್ ಐವತ್ತು ವರ್ಷ ಕೊಂಕಣಿ ಮದುವೆಗಳಲ್ಲಿ ಹಾಡಿದವರು. ಎಪ್ಪತ್ತಾರಾದರೂ ಜಂಬ ಇಳಿದಿರಲಿಲ್ಲ. ಈಸ್ಟರಿಗೆ ಹೊಸ ಸೂಟು, ಹೊಸ ನಗು ಧರಿಸಿ, ಸಾಯುವ ಮುಂಚೆ ಹತ್ತು ಹಾಡು ರೆಕಾರ್ಡ್ ಮಾಡಿಯೇ ಸೈ ಎಂದು ಹೊರಟರು. ಮೊದಲ ಹಾಡಿಗೇ ವಿಘ್ನ. ಸಾಲಿಗೊಂದು ಸಲ ಟಿಕ್.

"ಟ್ಯೂಬ್ ಹೋಗಿದೆ," ಎಂದರು ಯೂಸ್ಟೇಸ್.

ಲತೀಶ ತಲೆ ಕೆರೆದುಕೊಂಡ. "ಹೌದು ಸರ್, ಬದಲಿಸುವ."

ಬದಲಿಸಿದೆ ಎಂದ. ಮತ್ತೆ ಟಿಕ್. ಶರೊನ್ ತಾನೇ ಮೈಕಿನ ಮುಂದೆ ನಿಂತು ಪೇಪರಿನ ರಾಶಿಭವಿಷ್ಯ ಓದಿದಳು. ಒಂದು ಟಿಕ್ಕೂ ಇಲ್ಲ! ಮೈಕು ಕೂಡ ಮುಖ ನೋಡಿ ಮಣೆ ಹಾಕುತ್ತದೆಯೇ? ಇದರಲ್ಲಿ ಲತೀಶನ ಕೈಚಳಕವೇ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಟ್ಯೂಬಿಗೆ ಎಷ್ಟಾಯಿತು ಎಂದರೆ, "ಆಮೇಲೆ ನೋಡುವ ಡಾಕ್ಟ್ರೇ," ಎನ್ನುತ್ತಿದ್ದ. ಹಾಗೆ ಹೇಳುವವರೇ ಕೊನೆಗೆ ಬೋಳಿಸುವುದು. ಅವನು ಚಹಾ ತರಲು ಹೋದಾಗ ಎರಡನೆಯ ಟ್ಯೂಬಿಗೆ ಚುಕ್ಕಿ ಇಟ್ಟಳು.

"ಬೇರೆ ಮೈಕಿನಲ್ಲಿ ಹಾಡಿ ಪಪ್ಪ," ಎಂದೂ ಹೇಳಿ ನೋಡಿದಳು.

"ಬೇಡ," ಎಂದು ಯೂಸ್ಟೇಸ್ ಹೌಹಾರಿದರು. "ಇದೊಂದೇ ಮೈಕು. ಸರಿಯಾಗದಿದ್ರೆ ಹಾಡುವುದೇ ಇಲ್ಲ."

ಇವತ್ತು ಬೆಳಿಗ್ಗೆ ಲತೀಶ ಮೂರನೆಯ ಟ್ಯೂಬು ಹಾಕಿದೆ ಎಂದ. ಅದೂ ಟಿಕ್ ಎಂದಿತು. ಯೂಸ್ಟೇಸ್ ಹಾಡಿನ ಪುಸ್ತಕ ಮಡಚಿ, ಸಾಕು ಎಂದು ಮೆಟ್ಟಿಲಿಳಿದು ಹೋದರು. ಆ ಬಗ್ಗಿದ ಬೆನ್ನು ನೋಡಿ ಶರೊನ್‌ಗೆ ಅಳು ಬಂತು. ಹಿಂದೆಯೇ ಸಿಟ್ಟೂ ಬಂತು, ಬ್ಯಾಗಿನಿಂದ ಕನ್ನಡಿ ತೆಗೆದು ಮೈಕು ಬಿಚ್ಚಿದ್ದಳು.

"ಲತೀಶ, ಇದು ಹೊಸ ಟ್ಯೂಬಾ?"

"ಹೌದು ಡಾಕ್ಟ್ರೇ."

"ನೈಲ್ ಪಾಲಿಶ್ ಹಚ್ಚಿಕೊಂಡೇ ಹುಟ್ಟಿದ್ದಾ?"

ಲತೀಶ ಚುಕ್ಕಿ ನೋಡಿದ. ಅವಳ ಮುಖ ನೋಡಿದ. ಸ್ಟೂಲಿನ ಮೇಲೆ ಕುಸಿದ.

"ಒಂದೂ ಬದಲಿಸ್ಲಿಲ್ಲ. ಟ್ಯೂಬಿಗೆ ಎಂತದೂ ಆಗ್ಲಿಲ್ಲ."

"ಮತ್ತೆ ಶಬ್ದ ಎಲ್ಲಿಂದ ಮಾರಾಯ? ಪಪ್ಪನ ಹಾಡೇ ನಿಂತು ಹೋಯ್ತಲ್ಲ!"

"ಅವರಿಗೆ ಮೊದಲ ದಿನವೇ ಗೊತ್ತಾಗಿದೆ. ತಪ್ಪನ್ನು ಟ್ಯೂಬಿನ ಮೇಲೆ ಹಾಕು ಅಂತ ಅವರೇ ನನ್ನ ಕೈ ಹಿಡಿದು ಹೇಳಿದ್ದು." ಲತೀಶ ತಲೆ ಎತ್ತಲಿಲ್ಲ. "'ಹಾಡು ಹೋದ್ರೆ ಹೋಗ್ಲಿ, ಮಗಳು ಅಷ್ಟು ಪ್ರೀತಿಯಿಂದ ಮಾಡಿಕೊಟ್ಟ ಹಲ್ಲಿನ ಸೆಟ್ ಟಿಕ್ ಅಂತದೆ ಅಂತ ಅವಳಿಗೆ ಮಾತ್ರ ಗೊತ್ತಾಗ್ಬಾರ್ದು' ಅಂತ."