ಓಣಿ ಹಿರಿಯರ ಸಹಿ

ಇಂಡೋನೇಷ್ಯದ ಸುರಬಾಯ ನಗರದ ಒಂದು ವಾರ್ಡ್ ಕಚೇರಿ. ಬೆಳಗಿನಿಂದ ಕಾದು ಕೂತಿದ್ದ ಮುದುಕಿಯ ಸರದಿ ಕೊನೆಗೂ ಬಂತು. ಆಕೆಗೆ ಗಂಡ ಪೈರಾನ್‌ನ ಮರಣ ಪ್ರಮಾಣಪತ್ರ ಬೇಕಿತ್ತು. ಗುಮಾಸ್ತ ಸರ್ಕಾರಿ ಇಂಡೋನೇಷ್ಯನ್ ಭಾಷೆಯಲ್ಲಿ ಎರಡು ಸಲ ಹೇಳಿದ. ಆಕೆಗೆ ಆ ಭಾಷೆ ತಿಳಿಯಲಿಲ್ಲ. ಅವನು ಸೋತು, ಊರಿನ ಜಾವಾ ಮಾತಿಗೆ ಇಳಿದ.

"ಅಮ್ಮಾ, ಪೈರಾನ್ ತೀರಿಕೊಂಡಿದ್ದು ನಿಜ ಅಂತ ಮೊದಲು ನಿಮ್ಮ ಓಣಿ ಹಿರಿಯರು ಸಹಿ ಹಾಕಿಕೊಡ್ಬೇಕು. ಅದಿದ್ರೆ ವಾರ್ಡು, ಆಮೇಲೆ ವಲಯ, ಆಮೇಲೆ ನಗರಸಭೆ."

"ಗೊತ್ತಪ್ಪಾ. ಇಪ್ಪತ್ತು ವರ್ಷ ಆ ಸಹಿಗೆ ಜನ ನಮ್ಮನೆ ಬಾಗಿಲಿಗೇ ಬರ್ತಿದ್ರು."

"ನಿಮ್ಮನೆಗಾ?"

"ನಮ್ಮ ಯಜಮಾನರೇ ಓಣಿ ಹಿರಿಯರು."

ಗುಮಾಸ್ತ ಹಣೆ ಒತ್ತಿಕೊಂಡ. "ಹಾಗಾದ್ರೆ ಹೊಸಬರನ್ನ ಆರಿಸೋವರೆಗೂ ಏನೂ ಮಾಡಕ್ಕಾಗಲ್ಲಮ್ಮಾ."

"ನೀವು ಹೀಗೇ ಅಂತೀರಿ ಅಂತ ಅವರು ಮೊದಲೇ ಹೇಳಿದ್ರು."

ಆಕೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಪೈರಾನ್ ತೀರಿಕೊಂಡಿದ್ದು ನಿಜ ಎಂಬ ಒಕ್ಕಣೆ. ಕೆಳಗೆ ಓಣಿಯ ಮೊಹರು, ನಡುಗುವ ಕೈಯ ಸಹಿ: ಪೈರಾನ್.

"ತಾರೀಕೊಂದು ಅವರಿಗೆ ಗೊತ್ತಿರಲಿಲ್ಲ. ಅದನ್ನ ನೀವೇ ಹಾಕ್ಕೊಳ್ಳಿ."