ಮೂರು ಕಡೆ ನಿಂತ ಪಿಕಪ್

ಘಾಟಿಯ ಅರ್ಧ ಏರಿದ್ದ ಪಿಕಪ್ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಹಿಂದಿದ್ದ ಅದಿರು ಲಾರಿ ಹಾರ್ನ್ ಬಾರಿಸಿತು. ಗುಡ್ಡಪ್ಪ ಹ್ಯಾಂಡ್ ಬ್ರೇಕ್ ಎಳೆದು ಕೆಳಗೆ ಹಾರಿದ.

“ಇವತ್ತೇ ಕೆಡಬೇಕಾ ಈ ದರಿದ್ರ ಗಾಡಿ!”

ಆ ಹೊತ್ತಿಗೆ ಅವನ ಮಗಳು ಸುಷ್ಮಿತಾ ಹಂಪಿಯಲ್ಲಿದ್ದಳು. ವಿರೂಪಾಕ್ಷನ ಗುಡಿಯಲ್ಲಿ ಮಧ್ಯಾಹ್ನದೊಳಗೆ ಹಾಲೇಶನಿಂದ ತಾಳಿ ಕಟ್ಟಿಸಿಕೊಳ್ಳುತ್ತೇನೆಂದು ಬೆಳಿಗ್ಗೆ ಫೋನಿನಲ್ಲಿ ಹೇಳಿಬಿಟ್ಟಿದ್ದಳು. “ನಿನ್ನ ಕೇಳಾಕ ಫೋನ್ ಮಾಡಿಲ್ಲಪ್ಪ, ಹೇಳಾಕ ಮಾಡೀನಿ.”

ಹಾಲೇಶ ಹೊಸಪೇಟೆಯ ಡೀಸೆಲ್ ಮೆಕ್ಯಾನಿಕ್. ಬೇರೆ ಜಾತಿಯವನು. ಗುಡ್ಡಪ್ಪ ಈ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ ಮೇಲೆ, ಅದು ಕೆಟ್ಟಾಗಲೆಲ್ಲ ಯಶವಂತನಗರದ ಮನೆಗೇ ಬಂದು ರಿಪೇರಿ ಮಾಡುತ್ತಿದ್ದ. ಹೋದ ವಾರವಷ್ಟೇ ಇಡೀ ಗಾಡಿ ಬಿಚ್ಚಿ ಜೋಡಿಸಿ, “ಇನ್ನ ವರ್ಷದ ಮಟ ನೋಡಂಗಿಲ್ಲ ಬಿಡ್ರಿ” ಎಂದಿದ್ದ. ಈಗ ಮಗಳನ್ನೇ ಕರೆದುಕೊಂಡು ಹೋಗಿದ್ದ.

ಗುಡ್ಡಪ್ಪ ಹೇಳುವ ಮೊದಲೇ ಅವನ ತಾಯಿ ಭರಮಮ್ಮ ಇಳಿದು ಹಿಂದಿನ ಟೈರಿಗೆ ಕಲ್ಲು ಕೊಟ್ಟಿದ್ದಳು. ಲಾರಿ ಡ್ರೈವರನ ಹೆಂಡತಿಯಾಗಿದ್ದವಳು. ಗಂಡ ಬದುಕಿದ್ದಾಗ ಅವನ ಪಕ್ಕದಲ್ಲೇ ಕೂತು ಊರೂರು ತಿರುಗಿದ್ದಳು. ಇವತ್ತು ಬರುವುದು ಬೇಡವೆಂದರೂ ಕೇಳಿರಲಿಲ್ಲ. ಗುಡ್ಡಪ್ಪ ಅಂಗಿ ತೊಟ್ಟು ಹೊರಬಂದಾಗ ಗಾಡಿಯ ಹತ್ತಿರ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. “ಆಕಿ ಕಾಲು ಮುರೀಬೇಕು. ನೀ ಒಬ್ಬನ ಹೋದ್ರ ಕೆಲಸ ಕೆಡ್ತೈತಿ, ನಾನೂ ಬರ್ತೀನಿ” ಎಂದು ಹತ್ತಿ ಕೂತಿದ್ದಳು.

ಗುಡ್ಡಪ್ಪ ಬಾನೆಟ್ ಎತ್ತಿದ. ಡೀಸೆಲ್ ಫಿಲ್ಟರಿನ ಬಳಿ ಪೈಪಿನ ನಟ್ಟು ಸಡಿಲವಾಗಿ, ಸುತ್ತಲೂ ಒದ್ದೆಯಾಗಿತ್ತು. ಲೈನಿನಲ್ಲಿ ಗಾಳಿ ಸೇರಿತ್ತು. ನಟ್ಟು ಬಿಗಿದು, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದ. ಹೆಬ್ಬೆರಳು ಮರಗಟ್ಟಿತು. ಕೊನೆಗೆ ಇಂಜಿನ್ ಕಪ್ಪು ಹೊಗೆ ಉಗುಳಿ ಎದ್ದಿತು.

“ಜಲ್ದಿ ನಡಿ,” ಎಂದಳು ಭರಮಮ್ಮ. “ಇವತ್ತ ಆಗಬೇಕಾದ್ದು ಆಗೇ ತೀರಬೇಕು.”

ಜೊತೆಗೆ ಇನ್ನೊಬ್ಬ ಗಂಡಸಿದ್ದರೆ ಒಳ್ಳೆಯದೆನಿಸಿ, ಪಾಪಿನಾಯಕನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ತಾಯಿಯನ್ನು ಅಲ್ಲೇ ಬಿಟ್ಟು, ನೆಂಟ ತೋಟಪ್ಪನ ಮನೆಗೆ ಓಡಿದ. ಬೀಗ ಹಾಕಿತ್ತು. ವಾಪಸು ಬಂದು ಕೀಲಿ ತಿರುಗಿಸಿದರೆ ಬರೀ ‘ಟಿಕ್’ ಸದ್ದು. ಲೈಟೂ ಮಂಕು. ಹುಡುಕಿದಾಗ ಸಿಕ್ಕಿತು. ಬ್ಯಾಟರಿಯ ಒಂದು ವೈರು ಬರೀ ಆತುಕೊಂಡು ಕೂತಿತ್ತು, ಬೋಲ್ಟಿಗೆ ಬಿಗಿಯೇ ಇರಲಿಲ್ಲ.

ಗುಡ್ಡಪ್ಪ ಪಾನಾ ಹಿಡಿದು ಹಾಗೇ ನಿಂತ.

“ಇದು ತಾನಾಗೇ ಕೆಟ್ಟಿದ್ದಲ್ಲ ಯವ್ವಾ. ಆ ಹಾಲೇಶಂದೇ ಕೆಲಸ! ನಾ ಬೆನ್ನು ಹತ್ತತೀನಂತ ಗೊತ್ತಿತ್ತು, ಹೋದ ವಾರನ ಎಲ್ಲಾ ಸಡ್ಲು ಬಿಟ್ಟು ಹೋಗ್ಯಾನ.”

“ಭಾಳ ಶಾಣ್ಯಾ ಅದಾನ ಬಿಡು,” ಎಂದು ಭರಮಮ್ಮ ಕಿಟಕಿಯಾಚೆ ನೋಡಿದಳು.

“ಅವನ ಶಾಣ್ಯಾತನ ಇವತ್ತ ಇಳಸ್ತೀನಿ. ಇನ್ನ ಹತ್ತು ಕಡೆ ಕೆಡಲಿ, ಹತ್ತು ಕಡೆ ರಿಪೇರಿ ಮಾಡ್ತೀನಿ. ಅವನೋ ನಾನೋ ನೋಡೇಬಿಡಾಮು!”

ಕಮಲಾಪುರ ದಾಟುವ ಮೊದಲೇ ಹೀಟ್ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ರೇಡಿಯೇಟರಿನ ಅಡಿಯ ನಲ್ಲಿ ಅರೆ ತೆರೆದಿತ್ತು. ದಾರಿಯುದ್ದಕ್ಕೂ ನೀರು ಸೋರಿತ್ತು. ನಲ್ಲಿ ತಿರುಗಿಸಿ ಮುಚ್ಚಿದ. ಆದರೆ ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಅದರ ಹೆಡ್ಡೇ ಬಿರುಕು ಬಿಡುತ್ತದೆ. ಆರುವವರೆಗೂ ಕಾಯದೆ ಗತಿಯಿರಲಿಲ್ಲ. ಗುಡ್ಡಪ್ಪ ರಸ್ತೆಯ ಮೇಲೆ ಅತ್ತಿಂದಿತ್ತ ನಡೆದ. ಒಂದು ಆಟೋ ನಿಂತಿತು. “ಹಂಪಿಗೇನ್ರಿ?”

“ಬ್ಯಾಡ ಹೋಗಪ್ಪ,” ಎಂದಳು ಭರಮಮ್ಮ. “ಆಟೋದಾಗ ಹೋದ್ರ ಆಕಿನ್ನ ಎಳಕೊಂಡು ಬರಾದು ಹೆಂಗಲೇ ಗುಡ್ಡ? ನಮ್ಮ ಗಾಡಿನ ಬೇಕು.”

ಅದೂ ನಿಜವೆನ್ನಿಸಿತು. ಆಟೋ ಹೋಯಿತು. ಕಾಲುವೆಯಿಂದ ತಂದ ಬಿಂದಿಗೆಯ ನೀರಿನಲ್ಲಿ ಭರಮಮ್ಮ ಬಹಳ ಹೊತ್ತು ಕೈ ಅದ್ದಿ ಕೂತಿದ್ದಳು. ಬಿಸಿಲಿನ ಝಳಕ್ಕೆ ಪಾಪ, ಎಂದುಕೊಂಡ ಗುಡ್ಡಪ್ಪ.

ಹಂಪಿ ಬಜಾರಿಗೆ ಬಂದಾಗ ಎಲ್ಲ ಮುಗಿದಿತ್ತು. ಕಲ್ಲುಮಂಟಪದ ನೆರಳಿನಲ್ಲಿ ಕೊರಳಲ್ಲಿ ಹಾರ ಹಾಕಿಕೊಂಡು ಇಬ್ಬರೂ ನಿಂತಿದ್ದರು. ಓಡಿಹೋಗಲಿಲ್ಲ. ಗುಡ್ಡಪ್ಪ ಹಾಲೇಶನ ಕೊರಳಪಟ್ಟಿ ಹಿಡಿದ.

“ನನ್ನ ಗಾಡಿಗೆ ಏನ್ ಮಾಡಿದ್ದಿಲೇ?”

“ನಾ ಕೈ ಇಟ್ಟ ಗಾಡಿ ದಾರ್ಯಾಗ ನಿಲ್ಲಂಗಿಲ್ರಿ ಮಾವಾರ,” ಎಂದ ಹಾಲೇಶ. ಕಣ್ಣು ತಗ್ಗಲಿಲ್ಲ.

ಸುಷ್ಮಿತಾ ನಡುವೆ ಬಂದಳು. “ಹೊಡಿಯಾದಿದ್ರ ನನ್ನ ಹೊಡಿಯಪ್ಪ. ಈ ತಾಳಿ ಮಾತ್ರ ಬಿಚ್ಚಂಗಿಲ್ಲ.”

“ಅವನ್ನ ಬಿಡಲೇ ಗುಡ್ಡ.” ಭರಮಮ್ಮ ನಿಧಾನವಾಗಿ ಬಂದು ನಿಂತಳು. “ಪೈಪ್ ಸಡ್ಲು ಮಾಡಿದಾಕಿ ನಾನು. ಬ್ಯಾಟರಿ ವೈರೂ ನಾನ. ರೇಡಿಯೇಟರ್ ನೀರು ಬಿಟ್ಟಾಕಿನೂ ನಾನ.” ಮುಂದೆ ಚಾಚಿದ ಬಲಗೈಯ ಎರಡು ಬೆರಳಲ್ಲಿ ಬಿಸಿನೀರಿನ ಬೊಬ್ಬೆ ಎದ್ದಿದ್ದವು.

ಗುಡ್ಡಪ್ಪನ ಕೈ ತಾನಾಗಿ ಕೆಳಗಿಳಿಯಿತು. “ಯವ್ವಾ! ಕಾಲು ಮುರೀಬೇಕು ಅಂದಾಕಿ ನೀನೇ ಅಲ್ಲೇನು?”

“ಹಂಗನ್ನದಿದ್ರ ನನ್ನ ಗಾಡಿ ಹತ್ತಿಸ್ಕೊಂತಿದ್ದೇನು?”

“ಯಾಕವ್ವಾ? ಯಾಕ ಹಿಂಗ ಮಾಡಿದಿ?”

ಭರಮಮ್ಮ ಮೊಮ್ಮಗಳ ಕೆನ್ನೆ ಸವರಿ, ಗುಡಿಯ ಗೋಪುರದ ಕಡೆ ಒಮ್ಮೆ ನೋಡಿ, ಮಗನತ್ತ ತಿರುಗಿದಳು.

“ಈಕಿ ವಯಸ್ಸಿನಾಗ ನಾನೂ ಒಬ್ಬನ ಕೈ ಹಿಡಕೊಂಡು ಇಲ್ಲಿಗೆ ಬಂದಿದ್ದೆ ಗುಡ್ಡ. ಅವನು ನಿಮ್ಮಪ್ಪ ಅಲ್ಲ. ಅವತ್ತ ನನ್ನ ಬೆನ್ನು ಹತ್ತಿ ಬಂದ ಗಾಡಿ ಎಲ್ಲೂ ಕೆಡಲಿಲ್ಲ.”