ಜೂನ್ ಒಂದು

ಚರ್ರ್ ಎಂದು ಬೆಂಕಿಕಡ್ಡಿ ಗೀರಿದ ಸದ್ದು. ಆಮ್ರಪಾಲಿ ತಟ್ಟನೆ ಕಣ್ಣು ಮುಚ್ಚಿದಳು. ಹನ್ನೆರಡಾಗಿದೆ ಎಂದು ಗಡಿಯಾರ ನೋಡದೆಯೇ ಅವಳಿಗೆ ಗೊತ್ತಿತ್ತು. ಹತ್ತು ಗಂಟೆಯಿಂದ ಅದಕ್ಕೇ ಕಾದಿದ್ದಳು.

ನೌಬಾದದ ಆ ಬಾಡಿಗೆ ಕೋಣೆಯಲ್ಲಿ ಮೂವರು, ನರ್ಸಿಂಗ್ ಓದುವವರು. ಒಬ್ಬಳ ಹುಟ್ಟುಹಬ್ಬವಿದ್ದರೆ ಉಳಿದಿಬ್ಬರು ಹನ್ನೆರಡಕ್ಕೆ ಮೇಣದಬತ್ತಿ ಹಚ್ಚಿ ಎಬ್ಬಿಸಬೇಕು. ಅವಳು ಏನೂ ತಿಳಿಯದವಳಂತೆ ಮಲಗಿರಬೇಕು. ಫೆಬ್ರುವರಿಯಲ್ಲಿ ಭಾಲ್ಕಿಯ ಸರಿತಾಳಿಗೆಂದು ಚಿದ್ರಿಯ ಬೇಕರಿಯಿಂದ ಕೇಕ್ ತಂದು, ಮನೆಯೊಡತಿ ಅನ್ವರಿ ಬೇಗಂ ಅವರ ಫ್ರಿಜ್ಜಿನಲ್ಲಿ ಬಚ್ಚಿಟ್ಟವಳು ಆಮ್ರಪಾಲಿಯೇ. ಏಪ್ರಿಲ್‌ನಲ್ಲಿ ಬಗದಲ್‌ನ ಮಲ್ಲೇಶ್ವರಿಗೂ ಅವಳೇ. ತನ್ನದು ಯಾವಾಗ ಎಂದು ಇಬ್ಬರಿಗೂ ಹೇಳಿದ್ದಳು, ಒಂದೇ ಸಲ. ಎರಡನೇ ಸಲ ಹೇಳಿದರೆ ಬೇಡಿದಂತಾಗುತ್ತದೆ.

ಹೆಜ್ಜೆಗಳು ಹತ್ತಿರ ಬಂದವು. ಅವಳು ಉಸಿರನ್ನು ನಿದ್ದೆಯ ಉಸಿರಿನ ಹಾಗೆ ಎಳೆದಳು. ಆಮೇಲೆ ಘಾಟು ವಾಸನೆ ಮೂಗಿಗೆ ಬಡಿಯಿತು. ಸೊಳ್ಳೆಬತ್ತಿ.

"ಎಚ್ಚರ ಅದಿ ಏನ?" ಸರಿತಾ ಕೇಳಿದಳು. "ಸೊಳ್ಳಿ ಭಾಳ ಆಗ್ಯಾವ ನೋಡ."

"ಸರಿತಾ, ಇವತ್ತ ತಾರೀಖ ಎಷ್ಟದ?"

ಸರಿತಾ ಫೋನ್ ನೋಡಿ ನಕ್ಕಳು. "ಜೂನ್ ಒಂದು! ಏ ಮಲ್ಲಿ, ಏಳ. ಸಾಲಿ ಮಾಸ್ತರ್ ಬರೆದಿದ್ದ ಬರ್ತ್‌ಡೇ ಬಂತು ನಮ್ಮದು."

ಚಾದರದೊಳಗಿಂದ ಮಲ್ಲೇಶ್ವರಿಯ ದನಿ ಬಂತು: "ನಮ್ಮ ಊರಾಗ ಅರ್ಧಾ ಮಂದಿ ಇವತ್ತೇ ಹುಟ್ಟ್ಯಾರ. ನಮ್ಮ ಕಾಕಾನೂ, ಕಾಕಾನ ಮಗಳೂ."

ಮೂವರ ಆಧಾರ್ ಕಾರ್ಡಿನಲ್ಲೂ ಅದೇ ತಾರೀಖು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಹೇಳಲು ಮನೆಯವರು ತಡವರಿಸಿದರೆ ಮಾಸ್ತರರು ಬರೆದುಬಿಡುವ ತಾರೀಖು. ಆದರೆ ಆಮ್ರಪಾಲಿ ನಿಜಕ್ಕೂ ಹುಟ್ಟಿದ್ದು ಅಂದೇ. ಔರಾದ್ ದವಾಖಾನೆಯ ಹೆರಿಗೆ ಚೀಟಿಯನ್ನು ಅವಳವ್ವ ಸುಭದ್ರಾಬಾಯಿ ಇನ್ನೂ ಟ್ರಂಕಿನಲ್ಲಿಟ್ಟಿದ್ದಾಳೆ.

"ನಂದು ಖರೇನೇ ಇವತ್ತ ಅದ," ಎಂದಳು ಆಮ್ರಪಾಲಿ.

"ನಡಿ, ಝೂಠಿ!" ಎಂದಳು ಸರಿತಾ. "ಆಧಾರದಾಗಿಂದು ಯಾರರೆ ಮಾಡ್ತಾರೇನ? ಖರೇ ತಾರೀಖ ಹೇಳಿದ್ರ ಪಾರ್ಟಿ ಕೊಡಬೇಕಾಗ್ತದಂತ ಮುಚ್ಚಿಟ್ಟೀದಿ."

ಮಲ್ಲೇಶ್ವರಿ ಎದ್ದು ಕುಳಿತಳು. "ಆವತ್ತೂ ಹಿಂಗೇ ಅಂದಿದ್ದಿ. ನಾವು ಮಸ್ಕಿರಿ ಅಂದ್ಕೊಂಡ್ವಿ. ನಮ್ಮಿಬ್ಬರದೂ ಆಯ್ತು, ನಿಂದೊಂದೇ ಉಳದದ. ನಿಮ್ಮವ್ವಗ ಕೇಳಿ ಹೇಳಾ. ಹೆಸರು ಬರೆಸಿ ಛಂದ ಕೇಕ್ ತರ್ತೇವಿ."

ಸರಿತಾ ಫೋನ್ ಹಿಡಿದು ಕಾಯುತ್ತಿದ್ದಳು. ಆ ಬೆಳಕಿನಲ್ಲಿ ಅವಳ ಮುಖದ ಮೇಲಿದ್ದ ಪ್ರೀತಿ ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಟ್ರಂಕಿನ ಚೀಟಿಯ ಮಾತು ಆಮ್ರಪಾಲಿಯ ನಾಲಿಗೆಯ ತುದಿಗೆ ಬಂತು. ಹೇಳಿದರೆ ಇಬ್ಬರೂ ಅಯ್ಯೋ ಎನ್ನುತ್ತಾರೆ. ಬೆಳಗಾದರೆ ಕೇಕೂ ಬಂದೀತು. ಚೀಟಿ ತೋರಿಸಿ ಪಡೆದ ಕೇಕು.

"ಆಗಸ್ಟ್ ಹದಿನೇಳು," ಎಂದುಬಿಟ್ಟಳು.

"ಹಾಂ, ಈಗ ಬಂದಿ ನೋಡ ದಾರಿಗೆ!" ಸರಿತಾ ತಾರೀಖನ್ನು ಫೋನಿನಲ್ಲಿ ಹಾಕಿಕೊಂಡಳು. "ಆವತ್ತ ಲಗೂನ ಮಕ್ಕೋಬೇಕು ಮತ್ತ. ಎಚ್ಚರ ಇದ್ದಿ ಅಂದ್ರ ಮಜಾ ಹೋಗ್ತದ."

"ಹೂಂ."

ಸ್ವಲ್ಪ ಹೊತ್ತಿಗೆ ಇಬ್ಬರಿಗೂ ನಿದ್ದೆ ಹತ್ತಿತು. ಬೆಳಿಗ್ಗೆ ಅವ್ವ ಫೋನ್ ಮಾಡುತ್ತಾಳೆ, ಗೆಳತಿಯರು ಏನು ಮಾಡಿದರು ಎಂದು ಕೇಳುತ್ತಾಳೆ. ಇವರಿಗೂ ಬೇಡ, ಅವ್ವನಿಗೂ ಬೇಡ, ಈ ರಾತ್ರಿಯದನ್ನು ಯಾರಿಗೂ ಹೇಳುವುದು ಬೇಡ ಎಂದು ಆಮ್ರಪಾಲಿ ನಿರ್ಧರಿಸಿಕೊಂಡಳು.

ಕತ್ತಲಲ್ಲಿ ಸೊಳ್ಳೆಬತ್ತಿಯ ತುದಿಯೊಂದೇ ಉರಿಯುತ್ತಿತ್ತು. ಅವಳು ಮಂಚದಿಂದ ಬಗ್ಗಿ, ಸದ್ದಾಗದಂತೆ ಅದನ್ನು ಊದಿದಳು. ಅದು ಆರಲಿಲ್ಲ, ಇನ್ನಷ್ಟು ಕೆಂಪಾಯಿತು.